ದೂಡದೆ ತಿರುಗಿದ್ದು

ಮಾರ್ಚ್ 3, ಸೋಮವಾರ

ಈ ಪುಸ್ತಕ ಅಕ್ಕನದು. ಮೊದಲ ನಾಲ್ಕು ಹಾಳೆಯಲ್ಲಿ ಯಾವುದೋ ಕಾಲದ ಶಾಲೆ ಮಕ್ಕಳ ನೂರು ಮೀಟರ್ ಓಟದ ಸಮಯಗಳಿವೆ, ಉಳಿದದ್ದು ಖಾಲಿ. ಬರೆದುಕೊಳ್ಳಲು ಕೊಡುತ್ತೀಯಾ ಎಂದು ಕೇಳಿದ್ದಕ್ಕೆ, "ತಗೋ, ನಂಗೇನು ಇನ್ನು ಓಟ ಬಾಕಿ ಇದೆಯಾ?" ಅಂದಳು. ಆ ಮಾತಿನ ವರಸೆ ನನಗೆ ಸರಿಬರಲಿಲ್ಲ.

ಅಕ್ಕನಿಗೆ ಸೊಂಟದ ಕೀಲು ಬದಲಾಯಿಸಿ ಐದು ವಾರವಾಯಿತು. ಆಸ್ಪತ್ರೆಯಿಂದ ನೇರ ನನ್ನ ಮನೆಗೇ ಕರೆತಂದೆ. ಡಾಕ್ಟರು ನಡೆಸಿ, ನಡೆಸಿ ಎನ್ನುತ್ತಾರೆ. ಮೂವತ್ತೈದು ವರ್ಷ ಮೈದಾನದಲ್ಲಿ ನಿಂತು ಸೀಟಿ ಊದಿ ಊರ ಮಕ್ಕಳನ್ನೆಲ್ಲ ಓಡಿಸಿದ ವ್ಯಾಯಾಮ ಟೀಚರು ಈಗ ಕಿಟಕಿ ಪಕ್ಕದ ಕುರ್ಚಿಗೆ ಅಂಟಿಕೊಂಡು ಕೂತಿದ್ದಾಳೆ. ಸೀಟಿ ಮಾತ್ರ ಇನ್ನೂ ಕೊರಳಲ್ಲಿದೆ. ನೀರು ಬೇಕಾದರೆ ಒಂದು ಸಲ ಊದುತ್ತಾಳೆ, ಟಿವಿ ರಿಮೋಟ್ ಬೇಕಾದರೆ ಎರಡು ಸಲ, ಮತ್ತು ನಾನು ಓಡಬೇಕು. ಇವತ್ತು ಸ್ಟಾಪ್‌ವಾಚ್ ಹಿಡಿದು ಎದುರಿಗೆ ನಿಂತು ನಡೆಸಿದೆ. ಹನ್ನೊಂದು ಹೆಜ್ಜೆ.

ಅತ್ತ ಆಫೀಸಿನಲ್ಲಿ ಮುಖ್ಯಸ್ಥರು ತಾರೀಖು ಹೇಳಿಬಿಟ್ಟರು. ಏಪ್ರಿಲ್ ಹನ್ನೊಂದಕ್ಕೆ ನಮ್ಮ ಯಂತ್ರ ನಿಲ್ಲುತ್ತದೆ. ಒಳಗಿನದೆಲ್ಲ ಬಿಚ್ಚಿ, ಹೊಸದು ಕೂಡಿಸಿ, ಮತ್ತೆ ಶುರುಮಾಡುವ ಹೊತ್ತಿಗೆ ಎರಡು ವರ್ಷ. ನಾನು ನಿವೃತ್ತಳಾಗುವುದು ಇನ್ನು ಹದಿನಾಲ್ಕು ತಿಂಗಳಿಗೆ. ಇದನ್ನು ಕಳೆಯಲು ಕೂಡಲು ಕಂಪ್ಯೂಟರ್ ಬೇಕಾಗಿಲ್ಲ. ನನ್ನ ಪ್ರಶ್ನೆಗೆ ಉತ್ತರ ಸಿಗುವುದಾದರೆ ಈ ನಲವತ್ತು ದಿನದೊಳಗೇ ಸಿಗಬೇಕು.

ಮಾರ್ಚ್ 5, ಬುಧವಾರ

"ಅದೇನೇ ಅಷ್ಟು ದೊಡ್ಡ ಪ್ರಶ್ನೆ ನಿಂದು?" ಎಂದು ಅಕ್ಕ ಕೇಳಿದಳು. ಟಿವಿ ಕೆಟ್ಟಿತ್ತು, ಅದಕ್ಕೇ ಕೇಳಿದ್ದು. ನಾನೂ ಬಿಡಲಿಲ್ಲ.

ಲಾರಿ ಟಯರಿನ ಟ್ಯೂಬ್ ಆಕಾರದ ಒಂದು ಉಕ್ಕಿನ ಪಾತ್ರೆ, ಒಳಗೆ ಆಳು ನಿಲ್ಲುವಷ್ಟು ಎತ್ತರ. ಅದರ ಗಾಳಿಯನ್ನೆಲ್ಲ ಹೀರಿ ತೆಗೆದು, ಚೂರೇ ಚೂರು ಜಲಜನಕ ಬಿಟ್ಟು, ಸೂರ್ಯನ ಒಡಲಿಗಿಂತ ಹೆಚ್ಚು ಕಾಯಿಸುತ್ತೇವೆ. ಅದೇ ಪ್ಲಾಸ್ಮಾ. ಗೋಡೆಗೆ ತಾಗದಂತೆ ಅದನ್ನು ಆಯಸ್ಕಾಂತಗಳು ಹಿಡಿದಿರುತ್ತವೆ. ಒಂದು ಸಲಕ್ಕೆ ಎರಡು ಸೆಕೆಂಡು ಇರುತ್ತದೆ, ಅದನ್ನು ಒಂದು ಶಾಟ್ ಎನ್ನುತ್ತೇವೆ. ಪ್ಲಾಸ್ಮಾ ಟ್ಯೂಬಿನ ಸುತ್ತ ತಿರುಗುತ್ತಿದ್ದರೆ ಬುಗುರಿಯಂತೆ ನೆಟ್ಟಗಿರುತ್ತದೆ, ತಿರುಗುವುದು ನಿಂತರೆ ಹದಗೆಡುತ್ತದೆ. ತಿರುಗಿಸಲು ಪಕ್ಕದಿಂದ ಕಣಗಳ ಬೀಮ್ ಹೊಡೆದು ದೂಡುತ್ತೇವೆ. ಆದರೆ ಮುಂದೆ ಕಟ್ಟಬೇಕಾದ ದೊಡ್ಡ ಯಂತ್ರಗಳನ್ನು ಯಾವ ಬೀಮೂ ಸಾಕಷ್ಟು ದೂಡಲಾರದು. ಯಾರೂ ದೂಡದಿದ್ದರೂ ಅದು ತಾನಾಗಿ ತಿರುಗುತ್ತದೆಯೇ? ಬೇರೆ ಕೆಲವು ಯಂತ್ರಗಳಲ್ಲಿ ತಿರುಗುವುದನ್ನು ಕಂಡವರಿದ್ದಾರೆ. ನಮ್ಮದರಲ್ಲಿ ಯಾರೂ ಕಂಡಿಲ್ಲ.

"ತಿರುಗೋದು ನಿಂಗೆ ಹೇಗೆ ಗೊತ್ತಾಗುತ್ತೆ? ಒಳಗೆ ಇಳಿದು ನೋಡ್ತೀಯಾ?"

"ನೀನು ಸೀಟಿ ಊದ್ತಾ ನನ್ನ ಕಡೆ ಓಡಿ ಬಂದ್ರೆ ಸ್ವರ ಏರುತ್ತೆ, ದೂರ ಓಡಿದ್ರೆ ಇಳಿಯುತ್ತೆ. ಬೆಳಕೂ ಹಾಗೇ ಅಕ್ಕ. ನಮ್ಮ ಕಡೆ ಬರೋದು ಚೂರು ನೀಲಿ ಕಡೆ ಜರುಗುತ್ತೆ, ದೂರ ಹೋಗೋದು ಕೆಂಪು ಕಡೆ. ಪ್ಲಾಸ್ಮಾದಲ್ಲಿರೋ ಇಂಗಾಲದ ಒಂದು ಹಸಿರು ಗೆರೆ ಇದೆ, ಅದು ಎಷ್ಟು ಜರುಗಿದೆ ಅಂತ ಅಳೀತೀನಿ."

"ಓಡಿ ತೋರಿಸೋಣ ಅಂದ್ರೆ ನಂಗೆ ಕಾಲಿಲ್ಲ."

"ಕಾಲಿದೆ. ಡಾಕ್ಟರು ಹೊಸ ಕೀಲು ಹಾಕಿ ಕೊಟ್ಟಿದ್ದಾರೆ. ಏಳು."

ಹದಿಮೂರು ಹೆಜ್ಜೆ. ಆಮೇಲೆ ಕಿಟಕಿಯಿಂದ ಕೆಳಗಿನ ಅಂಗಳದಲ್ಲಿ ಓಡುವ ಮಕ್ಕಳನ್ನು ನೋಡಿ, "ಕೈ ಬೀಸೋದೇ ಬರಲ್ಲ ಇವಕ್ಕೆ" ಎಂದು ಮೂಗು ಮುರಿದಳು.

ಮಾರ್ಚ್ 6, ಗುರುವಾರ

ಸಭೆಯಲ್ಲಿ ಎದ್ದು, ಬೀಮ್ ದೂಡದ ಹನ್ನೆರಡು ಶಾಟ್ ಬೇಕೆಂದು ಕೇಳಿದೆ. ಎಲ್ಲರೂ ಮೇಜು ನೋಡತೊಡಗಿದರು.

ಯಾಕೆಂದು ನನಗೆ ಗೊತ್ತು, ಇಲ್ಲಿ ಯಾರಿಗೆ ಮುಚ್ಚಿಡಬೇಕು. ಹನ್ನೊಂದು ವರ್ಷದ ಹಿಂದೆ ಇದೇ ಕೋಣೆಯಲ್ಲಿ ನಿಂತು, ನಮ್ಮ ಪ್ಲಾಸ್ಮಾ ತಾನಾಗಿ ತಿರುಗುತ್ತದೆ ಎಂದು ಸಾರಿದ್ದೆ. ಚಪ್ಪಾಳೆಯೂ ಬಿದ್ದಿತ್ತು. ಮೂರನೇ ದಿನ ತಿಳಿಯಿತು, ಅದು ಮಧ್ಯಾಹ್ನ ಮಾತ್ರ ತಿರುಗುತ್ತಿತ್ತು. ಮಧ್ಯಾಹ್ನ ನನ್ನ ಕೋಣೆಯ ಹೀಟರ್ ಹಾಕುತ್ತಿದ್ದರು. ಆ ಬಿಸಿಗೆ ಬೆಳಕು ಅಳೆಯುವ ನನ್ನ ಉಪಕರಣ ಕೂದಲೆಳೆಯಷ್ಟು ಹಿಗ್ಗಿ, ಸೊನ್ನೆಯ ಗುರುತೇ ಪಕ್ಕಕ್ಕೆ ಸರಿದಿತ್ತು. ಅಂದಿನಿಂದ ನನ್ನ ಹೆಸರು ಸೊನ್ನೆ ಮೇಡಂ. ಬೀಮ್ ನಡೆಸುವ ಇಂಜಿನಿಯರ್ ಒಬ್ಬರನ್ನು ಬಿಟ್ಟರೆ ಯಾರೂ ಎದುರಿಗೆ ಹೇಳುವುದಿಲ್ಲ. ಅವರ ದನಿ ಕೇಳಿ ಅವರನ್ನು ಎಲ್ಲರೂ ಗುಡುಗು ಎನ್ನುತ್ತಾರೆ, ನಾನೂ ಎದುರಿಗೇ ಎನ್ನುತ್ತೇನೆ, ಸರಿಗೆ ಸರಿ.

ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಅಂದಿನಿಂದ ಪ್ರತಿ ಶಾಟಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಪುಟ್ಟ ನಿಯಾನ್ ದೀಪ ಹೊತ್ತಿಸಿ, ಸೊನ್ನೆ ಇದ್ದಲ್ಲೇ ಇದೆಯೇ ಎಂದು ನೋಡದೆ ನಾನು ಮುಂದಕ್ಕೆ ಹೋಗುವುದಿಲ್ಲ.

ಮುಖ್ಯಸ್ಥರು "ನೋಡೋಣ ಮೇಡಂ" ಅಂದರು. ಅವರು ಕೆಲಸಕ್ಕೆ ಸೇರಿದಾಗ ಸ್ಕ್ರೂ ಡ್ರೈವರ್ ಹಿಡಿಯುವುದು ಕಲಿಸಿದವಳು ನಾನು. ಈ "ನೋಡೋಣ" ಎನ್ನುವುದನ್ನು ಮಾತ್ರ ನಾನು ಕಲಿಸಿದ್ದಲ್ಲ.

ಮಾರ್ಚ್ 10, ಸೋಮವಾರ

ಯಾರದೋ ಕೆಲಸ ಬೇಗ ಮುಗಿದು ಎರಡು ಶಾಟ್ ಉಳಿದವು. ಹಾರಿ ಹಿಡಿದುಕೊಂಡೆ. ಪ್ರಯೋಜನವಾಗಲಿಲ್ಲ.

ನನ್ನ ಗೋಳು ಇಷ್ಟು. ಆ ಹಸಿರು ಗೆರೆ ಹೊಳೆಯಬೇಕಾದರೆ ಬೀಮ್ ಬೇಕು. ಬೀಮಿನ ಕಣಗಳು ತಾಗಿದಾಗಲೇ ಇಂಗಾಲ ನನಗೆ ಕಾಣುವಂತೆ ಮಿನುಗುವುದು. ಆದರೆ ಬೀಮ್ ಹಾಕಿದರೆ ಅದು ಪ್ಲಾಸ್ಮಾವನ್ನು ದೂಡುತ್ತದೆ. ಅಂಚಿಗೆ ಬಿದ್ದ ನೂಕು ಪದರದಿಂದ ಪದರಕ್ಕೆ ದಾಟಿ ನಡುವಿನವರೆಗೂ ಹೋಗುತ್ತದೆ, ಆಮೇಲೆ ಯಾವುದು ಅದರ ಸ್ವಂತ ಓಟ, ಯಾವುದು ನಾವು ಕೊಟ್ಟ ನೂಕು ಎಂದು ಬಿಡಿಸಲು ಬರುವುದಿಲ್ಲ. ಬೀಮ್ ಇಲ್ಲದಿದ್ದರೆ ಕತ್ತಲೆ, ಇದ್ದರೆ ನೂಕು. ಅತ್ತ ದರಿ, ಇತ್ತ ಪುಲಿ.

ಇವತ್ತು ಬೀಮನ್ನು ಕಡಿಮೆ ಮಾಡಿ ಅರ್ಧ ಸೆಕೆಂಡ್ ಹಾಕಿಸಿದೆ. ಗೆರೆ ಚೆನ್ನಾಗಿ ಬಂತು, ಜರುಗಿಯೂ ಇತ್ತು. ಜರುಗದೇ ಏನು ಮಾಡೀತು, ಅರ್ಧ ಸೆಕೆಂಡ್ ಬೆನ್ನಿಗೆ ಗುದ್ದಿದ್ದೇವೆ.

ಮನೆಯಲ್ಲಿ ಒಂಬತ್ತು ಹೆಜ್ಜೆ. ಕೈ ಹಿಡಿದು ಎಳೆದೆ, ಆದರೂ ಒಂಬತ್ತೇ.

ಮಾರ್ಚ್ 14, ಶುಕ್ರವಾರ

ಎಂಟು ಹೆಜ್ಜೆ. ಜಗಳ. ಮುಖ್ಯಸ್ಥರೊಂದಿಗೂ ಜಗಳ.

ಮಾರ್ಚ್ 17, ಸೋಮವಾರ

ಏಳು.

ಮಾರ್ಚ್ 18, ಮಂಗಳವಾರ

ಇದನ್ನು ಬರೆಯುವಾಗಲೂ ಮೈ ಉರಿಯುತ್ತಿದೆ.

ಕನ್ನಡಕ ಮರೆತಿದ್ದೆ. ಹತ್ತು ಗಂಟೆಗೆ ವಾಪಸ್ ಬಂದು ಬಾಗಿಲು ತೆಗೆದರೆ, ಅಡುಗೆಮನೆಯಿಂದ ಕಿಟಕಿಯವರೆಗೆ, ಕೋಲಿಲ್ಲದೆ, ಕೈಯಲ್ಲಿ ತುಂಬಿದ ಲೋಟ ಹಿಡಿದು, ಏನೋ ಗುನುಗುತ್ತ ನಮ್ಮ ಅಕ್ಕ ನಡೆದು ಹೋಗುತ್ತಿದ್ದಾಳೆ! ಒಂದು ತೊಟ್ಟೂ ಚೆಲ್ಲಿಲ್ಲ. ಬಾಗಿಲ ಹಿಂದೆ ನಿಂತೇ ಎಣಿಸಿದೆ, ಇಪ್ಪತ್ತಾರು. ತಿರುಗಿದವಳು ನನ್ನನ್ನು ಕಂಡಳು. ಒಂದೆರಡು ಹೆಜ್ಜೆ ಹಾಗೇ ಬಂದು, ಆಮೇಲೆ ನೆನಪಾದವಳಂತೆ "ಅಮ್ಮಾ" ಎಂದು ಸ್ಟೂಲಿನ ಮೇಲೆ ಕುಸಿದಳು.

"ನಾಟಕ ಆಡ್ತೀಯಾ ನನ್ನ ಹತ್ರ?"

"ನಾಟಕ ಅಲ್ಲ ಕಣೇ, ದೇವರಾಣೆಗೂ. ನೀನು ಎದುರಿಗೆ ನಿಂತ್ರೆ ನಂಗೆ ಕಾಲೇ ಬರಲ್ಲ. ನಿನ್ನ ಆ ಸ್ಟಾಪ್‌ವಾಚು, ನಿನ್ನ ಆ ಮುಖ!"

"ಮೂವತ್ತೈದು ವರ್ಷ ನೀನು ಮಾಡಿದ್ದು ಇನ್ನೇನು?"

"ಅದಕ್ಕೇ ಗೊತ್ತು ನಂಗೆ. ನಾನು ನೋಡ್ತಾ ನಿಂತಾಗ ಯಾವ ಮಗೂನೂ ಸರಿಯಾಗಿ ಓಡಲಿಲ್ಲ. ಬೆನ್ನು ತಿರುಗಿಸಿದ್ರೆ ಮೈದಾನ ಪೂರ್ತಿ ಓಡೋವು."

ಇದು ಉತ್ತರವೇ? ಕನ್ನಡಕವನ್ನು ಮತ್ತೆ ಅಲ್ಲೇ ಬಿಟ್ಟು ಹೊರಟುಬಂದೆ.

ಮಾರ್ಚ್ 19, ಬುಧವಾರ

ಇವತ್ತೂ ನಿದ್ದೆ ಬರುವ ಹಾಗಿಲ್ಲ, ಆದರೆ ಸಿಟ್ಟಿಗಲ್ಲ.

ಕ್ಯಾಂಟೀನಿನಲ್ಲಿ ಗುಡುಗು ಎದುರಿಗೆ ಕೂತರು. ಹೊಟ್ಟೆಯಲ್ಲಿದ್ದುದನ್ನು ಯಾರ ಹತ್ತಿರವಾದರೂ ಕಕ್ಕಲೇಬೇಕಿತ್ತು, ಅಕ್ಕನ ಕತೆ ಹೇಳಿದೆ. ಅವರು ನಕ್ಕ ನಗೆಗೆ ಮೂರು ಮೇಜಿನವರು ತಿರುಗಿ ನೋಡಿದರು. ಆಮೇಲೆ ಅರ್ಧಕ್ಕೇ ನಗು ನಿಲ್ಲಿಸಿದರು.

"ಮೇಡಂ, ನಿಮ್ಮನ್ನು ನೋಡಿದ ಮೇಲೆ ಅಕ್ಕಾವ್ರು ಕೂರೋಕೆ ಎಷ್ಟು ಹೊತ್ತು ಹಿಡೀತು?"

"ಎಷ್ಟು ಅಂದ್ರೆ? ಒಂದೆರಡು ಕ್ಷಣ."

"ಆ ಒಂದೆರಡು ಕ್ಷಣ ನಡೀತಾನೇ ಇದ್ರಲ್ವಾ?"

"ಇದ್ಳು. ಅದಕ್ಕೇನೀಗ?"

"ಬೀಮ್ ಹಾಕಿದ ತಕ್ಷಣ ಪ್ಲಾಸ್ಮಾ ಓಡೋಕೆ ಶುರು ಮಾಡಲ್ಲ ಮೇಡಂ. ನೂಕು ಹತ್ತೋಕೆ ಐವತ್ತು ಮಿಲಿಸೆಕೆಂಡಾದ್ರೂ ಬೇಕು. ನಾನು ಐದು ಮಿಲಿಸೆಕೆಂಡ್ ಹಾಕಿ ತೆಗೆದ್ಬಿಡ್ತೀನಿ. ಕಣ್ಣು ಮಿಟುಕಿಸಿದ ಹಾಗೆ. ಅದಕ್ಕೆ ನಾವು ನೋಡಿದ್ದು ಗೊತ್ತಾಗೋದ್ರೊಳಗೆ ನೀವು ನೋಡಿ ಮುಗಿಸಿ."

"ಐದು ಮಿಲಿಸೆಕೆಂಡಿಗೆ ಬೆಳಕು ಎಲ್ಲಿ ಸಾಲುತ್ತೆ ರೀ?"

"ಒಂದು ಸಲಕ್ಕೆ ಸಾಲಲ್ಲ. ಒಂದು ಶಾಟಿನಲ್ಲಿ ಹತ್ತು ಸಲ ಮಿಟುಕಿಸೋಣ, ಹಲವಾರು ಶಾಟು ಕೂಡಿಸೋಣ."

ಬೇರೆ ಕಡೆ ಹೀಗೆ ಮಾಡುತ್ತಾರೆಂದು ನಾನೂ ಓದಿದ್ದೆ. ನಮ್ಮ ಮುದಿ ಬೀಮಿಗೆ ಅಷ್ಟು ಬೇಗ ಹೊತ್ತಿ ಆರಲು ಆಗದು ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಬೀಮ್ ನಡೆಸುವವರನ್ನು ಒಂದು ಮಾತು ಕೇಳಿರಲಿಲ್ಲ. ಮತ್ತೆ ತಪ್ಪುತ್ತೇನೆಂಬ ಹೆದರಿಕೆಯಲ್ಲಿ ಹನ್ನೊಂದು ವರ್ಷವೂ ಹೆಚ್ಚು ಬೆಳಕು, ಇನ್ನೂ ಹೆಚ್ಚು ಬೆಳಕು ಎಂದು ಬೀಮನ್ನು ಉದ್ದ ಮಾಡುತ್ತಲೇ ಬಂದಿದ್ದೆ. ಗೆರೆ ಸ್ವಚ್ಛವಾಗಿ ಬರುತ್ತಿತ್ತು, ಅಳೆದದ್ದೆಲ್ಲ ನಮ್ಮದೇ ನೂಕು. ಕೇಳಿದ್ದರೆ ಕಿರೀಟವೇನೂ ಬೀಳುತ್ತಿರಲಿಲ್ಲ.

ಸಂಜೆಯೆಲ್ಲ ಅಂಕಿ ಹಾಕುತ್ತ ಕೂತೆ. ಅಕ್ಕನನ್ನು ನಡೆಸುವುದು ಮರೆತೇ ಹೋಯಿತು. ಸೀಟಿಯೂ ಕೇಳಲಿಲ್ಲ, ನಿದ್ದೆ ಮಾಡುತ್ತಿದ್ದಳೇನೋ.

ಮಾರ್ಚ್ 21, ಶುಕ್ರವಾರ

ಮುಖ್ಯಸ್ಥರನ್ನು ಒಪ್ಪಿಸಲು ಹದಿನಾಲ್ಕು ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ನಾನು ಬಾಯಿ ತೆರೆಯುವ ಮುಂಚೆಯೇ ಗುಡುಗು ಎದ್ದು, "ಮುಂದಿನ ಗುರುವಾರದ ನನ್ನ ಆರು ಶಾಟು ಮೇಡಂಗೆ" ಅಂದು ಕೂತರು. ಮುಖ್ಯಸ್ಥರು ಬೋರ್ಡಿನ ಮೇಲಿನ ಚೀಟಿಯನ್ನು ಸರಿಸಿದರು. ಅಷ್ಟೇ. ಸ್ಲೈಡುಗಳು ಹಾಗೇ ಉಳಿದವು. ಏಳನೆಯದು ಬಹಳ ಚೆನ್ನಾಗಿತ್ತು.

ಮಾರ್ಚ್ 27, ಗುರುವಾರ

ತಿರುಗುತ್ತದೆ!

ಮೊದಲಿಂದ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆ ನಾನೇ ನಂಬಲಾರೆ. ಮೊದಲ ಶಾಟ್ ಕೆಟ್ಟಿತು, ಬೀಮ್ ಹೊತ್ತಬೇಕಾದ್ದಕ್ಕಿಂತ ಮುಂಚೆ ಹೊತ್ತಿತು. ನಮ್ಮ ಕಂಟ್ರೋಲ್ ರೂಮಿನ ಕಾನೂನಿನಂತೆ ಶಾಟ್ ಕೆಡಿಸಿದವರು ಎಲ್ಲರಿಗೂ ಬಿಸ್ಕತ್ತು ತರಬೇಕು. ಗುಡುಗು ಮೊದಲೇ ತಂದಿಟ್ಟುಕೊಂಡಿದ್ದರು, ತಮ್ಮ ಮೇಲೆ ಅವರಿಗೆ ಅಷ್ಟು ನಂಬಿಕೆ. ಎರಡನೆಯದರಲ್ಲಿ ಹತ್ತು ಮಿಟುಕು ಸರಿಯಾಗಿ ಬಿದ್ದವು. ಹಸಿರು ಗೆರೆ ಮಸುಕಾಗಿ, ಕೂದಲಂತೆ ಬಂತು. ಮೂರು, ನಾಲ್ಕು, ಐದು, ಆರು. ಎಲ್ಲವನ್ನೂ ಕೂಡಿಸಿದೆ. ಗೆರೆ ಸೊನ್ನೆಯ ಮೇಲಿರಲಿಲ್ಲ, ನೀಲಿ ಕಡೆಗೆ ನಿಂತಿತ್ತು. ಸೆಕೆಂಡಿಗೆ ಹದಿನೆಂಟು ಕಿಲೋಮೀಟರ್, ಪ್ಲಾಸ್ಮಾದ ಕರೆಂಟ್ ಹರಿಯುವ ದಿಕ್ಕಿಗೇ. ಯಾರೂ ದೂಡಿರಲಿಲ್ಲ.

ದೀಪ ಹೊತ್ತಿಸಿ ಸೊನ್ನೆ ನೋಡಿದೆ, ಇದ್ದಲ್ಲೇ ಇತ್ತು. ಎದ್ದು ಹೋಗಿ ಹೀಟರ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಗುಡುಗು ನನ್ನ ಹಿಂದೆಯೇ ಬಂದು ತಾವೂ ಮುಟ್ಟಿ, "ಐಸು" ಅಂದರು. ಇಬ್ಬರೂ ಕಾರಿಡಾರಿನಲ್ಲಿ ನಿಂತು ಹುಚ್ಚರ ಹಾಗೆ ನಕ್ಕೆವು.

ಮುಖ್ಯಸ್ಥರು ಮಾತ್ರ, "ಇನ್ನೊಂದು ದಿನ ಕೊಡ್ತೀನಿ, ಮತ್ತೆ ಬಂದ್ರೆ ನಂಬ್ತೀನಿ" ಅಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಮನೆಗೆ ಬಂದಾಗ ಮೇಜಿನ ಮೇಲೆ ಊಟ ಬಿಸಿಬಿಸಿಯಾಗಿ ಇತ್ತು. ಬಹಳ ಹಸಿದಿದ್ದೆ. ತಿಂದು, ಅಕ್ಕನಿಗೆ ಹದಿನೆಂಟು ಕಿಲೋಮೀಟರಿನ ಕತೆಯನ್ನು ಎರಡು ಸಲ ಹೇಳಿದೆ.

ಮಾರ್ಚ್ 30, ಭಾನುವಾರ

ಮಧ್ಯಾಹ್ನ ಸೀಟಿ ಕೇಳಿ ನೀರು ತಂದುಕೊಟ್ಟೆ. "ನಿಂಗಲ್ಲ ಕಣೇ" ಅಂದಳು. ಕಿಟಕಿಯಿಂದ ಬಗ್ಗಿ ಕೆಳಗಿನ ಮಕ್ಕಳಿಗೆ ಕೈ ಹೇಗೆ ಬೀಸಬೇಕೆಂದು ಕೂಗಿ ಹೇಳುತ್ತಿದ್ದಳು. ಆ ನೀರು ನಾನೇ ಕುಡಿದೆ.

ಏಪ್ರಿಲ್ 2, ಬುಧವಾರ

ಬೆಳಿಗ್ಗೆ ಏಳುವಷ್ಟರಲ್ಲಿ ಮನೆಯೆಲ್ಲ ಹೊಸ ಬ್ರೆಡ್ಡಿನ ವಾಸನೆ. ಅಕ್ಕ ಬೇಕರಿಗೆ ಹೋಗಿ ಬಂದಿದ್ದಾಳೆ! ಬೀದಿ ದಾಟಿ, ತಿರುವಿನಾಚೆ. "ಜನ ಯಾರೂ ಇರಲಿಲ್ಲ, ಹೋದೆ" ಅಂದಳು, ದೊಡ್ಡ ವಿಷಯವೇ ಅಲ್ಲವೆಂಬಂತೆ. ನಾನು ಏನೂ ಹೇಳಲಿಲ್ಲ, ಹೇಳಿದರೆ ಎಲ್ಲಿ ಕೂತುಬಿಡುತ್ತಾಳೋ ಎಂದು. ಎರಡು ಚೂರು ಹೆಚ್ಚೇ ತಿಂದೆ. ಬಸ್ಸಿನಲ್ಲಿ ಒಬ್ಬಳೇ ಹಲ್ಲು ಕಿಸಿಯುತ್ತ ಕೂತಿದ್ದೆ.

ಅದೇ ಗುಂಗಿನಲ್ಲಿ ಕೆಲಸಕ್ಕೆ ಕೂತದ್ದು. ಮೂರು ಶಾಟ್ ನನ್ನವು. ಮೊದಲೆರಡು ಮೊನ್ನೆಯಂತೆಯೇ ಬಂದವು. ಮೂರನೆಯದರಲ್ಲಿ ಗೆರೆ ಸೊನ್ನೆಯ ಆಚೆ ಬದಿಗೆ, ಕೆಂಪು ಕಡೆಗೆ ಹೋಗಿ ನಿಂತಿತು. ಹದಿನೈದು ಕಿಲೋಮೀಟರ್, ಹಿಂದಕ್ಕೆ.

ಹನ್ನೊಂದು ವರ್ಷದ ಹಿಂದಿನ ಮಧ್ಯಾಹ್ನ ಕಣ್ಣ ಮುಂದೆ ಬಂತು. ಸೊನ್ನೆ ಮತ್ತೆ ಸರಿದಿದೆ, ಹಾಗಾದರೆ ಮೊನ್ನೆಯದೂ ಸುಳ್ಳು. ದೀಪ ಹೊತ್ತಿಸಿದೆ. ಸೊನ್ನೆ ಇದ್ದಲ್ಲೇ ಇತ್ತು. ಮತ್ತೊಮ್ಮೆ ಹೊತ್ತಿಸಿದೆ, ಅಲ್ಲೇ.

ಮೊದಲೆರಡನ್ನು ಇಟ್ಟುಕೊಂಡು ಇದೊಂದನ್ನು ಕೆಟ್ಟ ಶಾಟ್ ಎಂದು ಬರೆದರೆ ಯಾರೂ ಕೇಳುತ್ತಿರಲಿಲ್ಲ. ಪೆನ್ನು ಅಲ್ಲಿಯವರೆಗೆ ಹೋಗಿತ್ತು ಕೂಡ. ಆಮೇಲೆ ಎಲ್ಲರಿಗೂ ಕೇಳುವಂತೆ, "ಈ ಸಲ ಹಿಂದಕ್ಕೆ ತಿರುಗಿದೆ, ಯಾಕೆ ಅಂತ ನಂಗೆ ಗೊತ್ತಿಲ್ಲ" ಅಂದು, ಶಾಟ್ ಪುಸ್ತಕದಲ್ಲಿ ಅದನ್ನೇ ಬರೆದೆ. ಮುಖ್ಯಸ್ಥರು ಕನ್ನಡಕ ಒರೆಸಿಕೊಂಡರು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಯಿತು.

ಏಪ್ರಿಲ್ 3, ಗುರುವಾರ

ಗೊತ್ತಾಯಿತು. ತಪ್ಪು ನನ್ನದೇ. ಇಂಥ ತಪ್ಪು ದೇವರು ಎಲ್ಲರಿಗೂ ಕೊಡಲಿ.

ಹೊಸ ಶಾಟಿನ ಪಟ್ಟಿಯನ್ನು ನಾವು ಯಾರೂ ಮೊದಲಿಂದ ಬರೆಯುವುದಿಲ್ಲ. ಹಳೆಯ ಒಳ್ಳೆಯ ಶಾಟ್ ಒಂದರ ನಂಬರ್ ಕೊಟ್ಟರೆ ಬೀಮಿನದೊಂದು ಬಿಟ್ಟು ಅದರ ಅಳತೆಗಳೆಲ್ಲ ಬಂದು ಕೂರುತ್ತವೆ. ನಾನು ಕೊಡಬೇಕಾಗಿದ್ದು 41836. ಬ್ರೆಡ್ಡಿನ ಗುಂಗಿನಲ್ಲಿ ಕೊಟ್ಟಿದ್ದು 41863. ಅದು ಯಾರದೋ ಬೇರೆ ಪ್ರಯೋಗ, ಅದರಲ್ಲಿ ಗ್ಯಾಸ್ ಸುಮಾರು ಎರಡು ಪಟ್ಟು. ಅಂದರೆ ಮೂರನೇ ಶಾಟಿನ ಪ್ಲಾಸ್ಮಾ ಎರಡರಷ್ಟು ದಟ್ಟ. ತೆಳ್ಳಗಿದ್ದಾಗ ಮುಂದಕ್ಕೆ, ದಟ್ಟವಾದಾಗ ಹಿಂದಕ್ಕೆ! ನೂಕುವವರೇ ಇಲ್ಲದೆ, ಒಳಗೊಳಗೇ ವೇಗವನ್ನು ಸಾಗಿಸಿಕೊಂಡು, ಅದು ತನ್ನ ದಿಕ್ಕನ್ನು ತಾನೇ ಬದಲಾಯಿಸುತ್ತದೆ. ಬೇರೆಡೆ ಹೀಗೆ ಆದದ್ದನ್ನು ಓದಿದ್ದೆ. ನಮ್ಮ ಯಂತ್ರವೂ ಮಾಡುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಮುಖ್ಯಸ್ಥರ ಬಾಗಿಲು ತಟ್ಟಿ, "ಪಟ್ಟಿ ತಪ್ಪು ಕೊಟ್ಟಿದ್ದು ನಾನು" ಅಂದೆ. ಅವರು ಅಂಕಿಗಳನ್ನು ಬಹಳ ಹೊತ್ತು ನೋಡಿದರು.

"ಒಂದೇ ಶಾಟಿನಲ್ಲಿ ಗ್ಯಾಸ್ ನಿಧಾನಕ್ಕೆ ಏರಿಸಿದ್ರೆ ಮೇಡಂ? ಶುರುವಲ್ಲಿ ಮುಂದಕ್ಕೆ ಹೋಗೋದು ಕೊನೇಲಿ ಹಿಂದಕ್ಕೆ ಬರಬೇಕು. ನಡುವೆ ಸೊನ್ನೆ ದಾಟಲೇಬೇಕು."

"ದಾಟಬೇಕು. ಆದ್ರೆ ಶಾಟ್ ಎಲ್ಲಿ ಉಳಿದಿದೆ?"

"ಕೊನೇದು ಇದೆಯಲ್ಲ."

ಯಂತ್ರ ನಿಲ್ಲಿಸುವ ಮುಂಚಿನ ಕೊನೆಯ ಶಾಟ್ ಯಾವಾಗಲೂ ಮುಖ್ಯಸ್ಥರದು. ಬೀಮೆಲ್ಲ ಹಾಕಿ, ಇದ್ದ ಶಕ್ತಿಯೆಲ್ಲ ಸುರಿದು, ಫೋಟೋ ತೆಗೆಸಿಕೊಳ್ಳುತ್ತಾರೆ. ಅವರಿಗಿಂತ ಮುಂಚಿನವರೂ ಹಾಗೇ ಮಾಡಿದ್ದರು. ನಾನು ಕೇಳಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಅವರಾಗಿಯೇ ಕೊಟ್ಟರು. "ಸ್ಕ್ರೂ ಡ್ರೈವರ್ ಈಗ ಸರಿಯಾಗಿ ಹಿಡೀತೀರಲ್ಲ?" ಅಂದೆ. ಅವರು ನಕ್ಕರು, ಕಣ್ಣು ಒದ್ದೆಯಾಗಿದ್ದದ್ದು ನನ್ನದು.

ಹೊರಗೆ ಗುಡುಗು ಕಾಯುತ್ತಿದ್ದರು. "ಪಟ್ಟಿ ತಪ್ಪಿಸಿದವರು ಬಿಸ್ಕತ್ತು ತರಬೇಕು, ಗೊತ್ತಲ್ಲ?" ಇಪ್ಪತ್ತೆಂಟು ವರ್ಷದಲ್ಲಿ ನಾನು ಒಮ್ಮೆಯೂ ಬಿಸ್ಕತ್ತು ತಂದಿರಲಿಲ್ಲ. ಕೊನೆಯ ದಿನಕ್ಕೆ ತರುತ್ತೇನೆಂದು ಒಪ್ಪಿಕೊಂಡೆ.

ಏಪ್ರಿಲ್ 10, ಗುರುವಾರ

ಬಿಸ್ಕತ್ತನ್ನು ಅಕ್ಕನೇ ಮಾಡಿದಳು. ಒಂದು ಡಬ್ಬಿ ತುಂಬ. ಒಲೆಯ ಮುಂದೆ ಎರಡು ಗಂಟೆ ನಿಂತಿದ್ದಳು. ಈ ಸಲ ಕೂಡಿಸಲು ಬೇರೆ ಶಾಟ್ ಇಲ್ಲ, ಅದಕ್ಕೇ ಒಂದೊಂದು ಮಿಟುಕಿನ ಬೆಳಕೂ ಸಾಲುವಂತೆ ವಾರವೆಲ್ಲ ಕೂತು ನನ್ನ ಉಪಕರಣದ ಕಿಂಡಿ ಅಗಲ ಮಾಡಿದ್ದೇನೆ. ನಾನು ನಾಳೆಯ ಪಟ್ಟಿಯ ನಂಬರನ್ನು ಏಳು ಸಲ ಓದಿದೆ. ನಾಳೆ ಗೆರೆ ಸೊನ್ನೆ ದಾಟದಿದ್ದರೆ ಮತ್ತೆ ನೋಡಲು ನಾನಿರುವುದಿಲ್ಲ.

ಏಪ್ರಿಲ್ 11, ಶುಕ್ರವಾರ

ನಂಬರ್ ಏಳು ಸಲ ಓದಿದವಳು ಬಿಸ್ಕತ್ತಿನ ಡಬ್ಬಿ ಮರೆತು ಹೋದೆ.

ಮಧ್ಯಾಹ್ನ ಕಂಟ್ರೋಲ್ ರೂಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲ ವಿಭಾಗದವರೂ ಕೊನೆಯ ಶಾಟ್ ನೋಡಲು ಬಂದಿದ್ದರು. ಬಿಸ್ಕತ್ತೆಲ್ಲಿ ಎಂದು ಗುಡುಗು ಎಲ್ಲರ ಮುಂದೆ ಕೇಳಿದರು. ನಾನು ತೊದಲುತ್ತಿರುವಾಗ ಬಾಗಿಲಲ್ಲಿ ಸೀಟಿ. ಅರವತ್ತು ತಲೆ ಒಟ್ಟಿಗೆ ತಿರುಗಿದವು. ಅಕ್ಕ ನಿಂತಿದ್ದಳು, ಕೆಂಪು ಮುಖ, ಏದುಸಿರು, ಬಗಲಲ್ಲಿ ಡಬ್ಬಿ. ಬಸ್ಸಿನಲ್ಲಿ ಬಂದಿದ್ದಾಳೆ. ಲಿಫ್ಟ್ ನಿಲ್ಲಿಸಿದ್ದಾರೆ, ಮೆಟ್ಟಿಲು ಹತ್ತಿ ಬಂದಿದ್ದಾಳೆ.

"ಮನೇಲೇ ಬಿಟ್ಟು ಬಂದಿದ್ಯಲ್ಲೇ, ಪುಟ್ಟಿ!"

ಇನ್ನು ಈ ಹೆಸರೂ ನನಗೆ ಅಂಟಿತು. ಮುಖ್ಯಸ್ಥರು ಎದ್ದು ತಮ್ಮ ಕುರ್ಚಿ ಕೊಟ್ಟರು. ಅಕ್ಕ ಕೂರಲಿಲ್ಲ. "ನಿಂತೇ ನೋಡ್ತೀನಪ್ಪ, ಓಟ ಅಂದ್ರೆ ನಿಂತೇ ನೋಡೋದು" ಅಂದಳು. "ಹಾಗಾದ್ರೆ ಶುರುವಿಗೆ ನೀವೇ ಊದಿ ಟೀಚರ್" ಅಂದರು ಅವರು. ಹತ್ತರಿಂದ ಕೆಳಗೆ ಎಣಿಸಿದರು, ಸೊನ್ನೆಗೆ ಅಕ್ಕ ಊದಿದಳು, ಗುಡುಗು ಕಿವಿ ಮುಚ್ಚಿಕೊಂಡರು. ಅವರು ಕಿವಿ ಮುಚ್ಚಿದ್ದನ್ನು ಇದುವರೆಗೆ ಯಾರೂ ನೋಡಿರಲಿಲ್ಲ.

ಎರಡು ಸೆಕೆಂಡ್. ಹತ್ತು ಮಿಟುಕು. ಅಂಕಿಗಳು ಒಂದೊಂದಾಗಿ ಪರದೆಗೆ ಬಂದವು. ಹದಿನೇಳು. ಹದಿನೆಂಟು. ಹದಿನಾರು. ಹನ್ನೆರಡು. ಐದು. ಆರನೆಯದು ಬರುವಾಗ ನಾನು ಅಕ್ಕನ ಕೈ ಹಿಡಿದಿದ್ದೆ.

ಸೊನ್ನೆ.

ಆಮೇಲೆ ಹಿಂದಕ್ಕೆ ಆರು, ಹದಿಮೂರು, ಹದಿನೈದು, ಹದಿನೈದು. ಎಲ್ಲರೂ ನನ್ನ ದೀಪಕ್ಕಾಗಿ ಕಾಯುತ್ತಿದ್ದರು. ಹೊತ್ತಿಸಿದೆ. ಗುರುತು ಒಂದು ಕೂದಲೂ ಅಲುಗಿರಲಿಲ್ಲ. "ಸೊನ್ನೆ ಸರಿಯಾಗಿದೆ" ಅಂದೆ. ಹಿಂದೆ ನಿಂತವರಿಗೆ ಕೇಳಿಸಲಿಲ್ಲ. ಗುಡುಗು ಅದನ್ನೇ ಕಟ್ಟಡ ನಡುಗುವಂತೆ ಕೂಗಿದರು. ಆಮೇಲಿನದು ಗಲಾಟೆ, ಚಪ್ಪಾಳೆ, ಬಿಸ್ಕತ್ತಿನ ಪುಡಿ, ಯಾರೋ ನನ್ನನ್ನು ಅಪ್ಪಿಕೊಂಡರು, ನಾನೂ ಯಾರನ್ನೋ ಅಪ್ಪಿಕೊಂಡೆ. ನನ್ನ ಜೀವಮಾನದಲ್ಲಿ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ, ಅದನ್ನು ಹಾಗೇ ಬರೆಯುತ್ತೇನೆ.

ಫೋಟೋದಲ್ಲಿ ಮುಖ್ಯಸ್ಥರ ಜಾಗದಲ್ಲಿ ಅಕ್ಕ ಇದ್ದಾಳೆ.

ಈಗ ಮನೆ. ಅಕ್ಕನ ಇವತ್ತಿನ ಹೆಜ್ಜೆ ಬರೆಯೋಣವೆಂದು ನೋಡಿದರೆ ನನ್ನ ಹತ್ತಿರ ಲೆಕ್ಕವೇ ಇಲ್ಲ. ಹಾಳೆ ತಿರುವಿದೆ. ಎದುರಿಗೆ ನಿಂತು ಕೊನೆಯದಾಗಿ ಎಣಿಸಿ ಬರೆದದ್ದು ಮಾರ್ಚ್ ಹದಿನೇಳು, ಏಳು ಹೆಜ್ಜೆ. ಸ್ಟಾಪ್‌ವಾಚ್ ಎಲ್ಲಿದೆಯೋ ಅದೂ ಗೊತ್ತಿಲ್ಲ.

"ಅಕ್ಕ, ಇವತ್ತು ಎಷ್ಟು ನಡೆದೆ?"

"ನಂಗೇನು ಗೊತ್ತು? ಎಣಿಸೋದು ನಿನ್ನ ಕೆಲಸ ಅಲ್ವಾ?" ಅಂದು, ಜೇಬಿನಿಂದ ನನ್ನ ಸ್ಟಾಪ್‌ವಾಚ್ ತೆಗೆದು ಒರೆಸತೊಡಗಿದಳು. ಆಮೇಲೆ ಕೈ ಚಾಚಿದಳು. "ಬರೆದದ್ದು ಮುಗೀತಾ? ಪುಸ್ತಕ ವಾಪಸ್ ಕೊಡೇ. ನಾಳೆ ಬೆಳಿಗ್ಗೆ ಕೆಳಗಿನ ಮಕ್ಕಳದು ನೂರು ಮೀಟರ್ ಇದೆ."

ಇನ್ನೂ ಬಹಳ ಹಾಳೆ ಉಳಿದಿವೆ. ಕೊಡುತ್ತಿದ್ದೇನೆ.